ಎಡಗಿವಿಯ ಪಕ್ಕದಲ್ಲಿ

ಕೂದಲು ಮತ್ತೆ ಕಣ್ಣಿಗೆ ಬಿತ್ತು. ಪ್ಯಾಂಟಿನ ಅಂಚು ಮಡಿಸಿ ಸೂಜಿಯ ಕೆಳಗಿಟ್ಟಿದ್ದ ಅವಳು ಪೆಡಲಿನಿಂದ ಕಾಲು ತೆಗೆದು, ಎಡಗೈಯಿಂದ ಕೂದಲನ್ನು ಕಿವಿಯ ಹಿಂದಕ್ಕೆ ತಳ್ಳಿದಳು. ತಳ್ಳುವಾಗ ಬೆರಳು ಕಿವಿಗೆ ತಾಕಿತು. ತಾಕಿದ್ದು ಗೊತ್ತಾಯಿತೇ ಹೊರತು ಸದ್ದು ಕೇಳಲಿಲ್ಲ. ಬಲಗಿವಿಯನ್ನು ಮುಟ್ಟಿಕೊಂಡರೆ ಬಟ್ಟೆ ಉಜ್ಜಿದ ಹಾಗೆ ಸಣ್ಣದೊಂದು ಸರಸರ ಇರುತ್ತದೆ. ಅಂಥದ್ದೊಂದು ಇರುತ್ತದೆ ಎಂದು ಇಷ್ಟು ವರ್ಷ ಅವಳಿಗೇ ತಿಳಿದಿರಲಿಲ್ಲ. ಎಡಗಡೆ ಈಗ ಇರುವುದು ಒಂದೇ ಸದ್ದು, ಹೊಲಿಗೆ ಮೆಷಿನ್ನು ತಲೆಯೊಳಗೆ ಎಲ್ಲೋ ಓಡುತ್ತಿರುವಂಥದ್ದು, ಪೆಡಲಿನಿಂದ ಕಾಲು ತೆಗೆದರೂ ನಿಲ್ಲದ್ದು. ಪಿನ್ನು ಹಾಕಿಕೊಂಡಿದ್ದರೆ ಕೂದಲಾದರೂ ನಿಲ್ಲುತ್ತಿತ್ತು. ಗುಂಡಿಗಳ ಡಬ್ಬಿಯಲ್ಲಿ ಗಿರಾಕಿಗಳು ಬಿಟ್ಟುಹೋದ ಪಿನ್ನುಗಳೇ ಬೇಕಾದಷ್ಟಿವೆ. ಬೆಳಿಗ್ಗೆ ಅಕ್ಕ ಒಂದನ್ನು ತೆಗೆದು ಮೆಷಿನ್ನಿನ ಮೇಲೆ ಇಟ್ಟೂ ಹೋಗಿದ್ದಳು. "ದೆವ್ವದ ಥರ ಕೂದಲು ಬಿಟ್ಕೊಂಡು ಕೂತಿದೀಯಲ್ಲೇ ಸುಮ್ಮಿ, ಸಿಗಿಸ್ಕೋಬಾರ್ದಾ?" ಅವಳು ಸಿಗಿಸಿಕೊಂಡಿರಲಿಲ್ಲ. ಪಿನ್ನು ಅಲ್ಲೇ ಇತ್ತು. ಮೆಷಿನ್ನು ಓಡಿದಾಗೆಲ್ಲ ಅದು ನಡುಗುತ್ತ ಅಂಚಿನ ಕಡೆಗೆ ಸರಿಯುತ್ತಿತ್ತು. ಇನ್ನೇನು ಬಿದ್ದೀತು ಎಂದುಕೊಂಡು ಅವಳು ಕೆಲಸ ಮುಂದುವರಿಸುತ್ತಿದ್ದಳು.

ಸುಮ್ಮಿ ಎನ್ನುವುದು ಅವಳ ಹೆಸರಲ್ಲ, ಅಕ್ಕ ಇಟ್ಟದ್ದು. ಚಿಕ್ಕಂದಿನಲ್ಲಿ ಮನೆಗೆ ಬಂದವರು "ಏನಮ್ಮಾ, ಎಷ್ಟನೇ ಕ್ಲಾಸು?" ಎಂದು ಇವಳನ್ನು ಕೇಳಿದರೆ ಅಕ್ಕ ಉತ್ತರ ಹೇಳುತ್ತಿದ್ದಳು, ಇವಳು ಅಕ್ಕನ ಲಂಗದ ಹಿಂದೆ ಸುಮ್ಮನೆ ನಿಂತಿರುತ್ತಿದ್ದಳು. "ಇವಳಿಗೆ ಬಾಯಿಲ್ಲ, ಇವಳ ಬಾಯೂ ನಾನೇ" ಎಂದು ಅಕ್ಕ ಬಂದವರನ್ನು ನಗಿಸುತ್ತಿದ್ದಳು. ಅದೇನೂ ಕಷ್ಟವೆನ್ನಿಸಿರಲಿಲ್ಲ. ಒಬ್ಬರು ನಮ್ಮ ಪರವಾಗಿ ಮಾತಾಡುತ್ತಾರೆ ಎಂದರೆ ಅದೂ ಒಂದು ಸುಖವೇ. ಅಮ್ಮ ಹಾಸಿಗೆ ಹಿಡಿದ ಮೇಲೆ ತಲೆ ಬಾಚಿದವಳೂ ಅಕ್ಕನೇ, ಗದರಿದವಳೂ ಅವಳೇ. ಈ ದೇಶಕ್ಕೆ ಕರೆಸಿಕೊಂಡು, ತನ್ನ ಬಟ್ಟೆ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಮೆಷಿನ್ನು, ಒಂದು ಇಸ್ತ್ರಿ ಮೇಜು, ಮಲಗುವುದಕ್ಕೆ ಮೇಲಿನ ಮನೆಯಲ್ಲಿ ಒಂದು ಕಿಟಕಿಯಿರುವ ರೂಮು ಕೊಟ್ಟವಳೂ ಅವಳೇ. ಮುಂದಿನ ಕೌಂಟರಿಗೂ ಹಿಂದಿನ ಕೋಣೆಗೂ ನಡುವೆ ಒಂದು ದಪ್ಪನೆಯ ಪರದೆ. ಪರದೆಯ ಆಚೆ ಅಕ್ಕ ಇಲ್ಲಿಯವರ ಭಾಷೆ ಆಡುತ್ತಾಳೆ, ಈಚೆ ಬಂದರೆ ನಮ್ಮದು. ಆ ಭಾಷೆಯಲ್ಲಿ ಅಕ್ಕನ ದನಿ ಸ್ವಲ್ಪ ಮೇಲಕ್ಕೇರುತ್ತದೆ, ಮಾತಿಗೊಂದು ನಗು ಬರುತ್ತದೆ. ಆಚೆ ನಗುವವಳು ಬೇರೆ ಯಾರೋ, ಪರದೆ ಸರಿಸಿ ಒಳಗೆ ಬರುವವಳು ಮಾತ್ರ ನನ್ನ ಅಕ್ಕ ಎಂದು ಅವಳು ತಮಾಷೆಗೆ ಅಂದುಕೊಳ್ಳುತ್ತಿದ್ದಳು. ಈಗ ಆ ತಮಾಷೆಯೂ ಬೇಡವಾಗಿದೆ.

ಇವತ್ತು ಮಧ್ಯಾಹ್ನದ ಮೇಲೆ ಡಾಕ್ಟರ ಹತ್ತಿರ ಎರಡನೇ ಸಲ ಹೋಗಬೇಕು.

ಮೊದಲ ಸಲ ಹೋದಾಗ ಅವಳ ಬಳಿ ಒಂದು ಸುಳ್ಳು ಸಿದ್ಧವಾಗಿತ್ತು. ಬಸ್ಸಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದಾಗ ಅದನ್ನೇ ಮನಸ್ಸಿನಲ್ಲಿ ಮಡಿಸಿ ಬಿಚ್ಚಿ ನೋಡುತ್ತಿದ್ದಳು: ಕಪಾಟಿನ ಬಾಗಿಲು ತೆರೆದಿತ್ತು, ಬಗ್ಗಿ ಎದ್ದಾಗ ಬಡಿಯಿತು. ಸಾಲದೇ? ಬಾಗಿಲಿಗೆ ಯಾರ ಮೇಲೂ ಸಿಟ್ಟಿಲ್ಲ, ಬಾಗಿಲ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಅಕ್ಕ ಹೇಗೆ ಕೇಳಿಯಾಳು ಎಂದೂ ಯೋಚಿಸಿದ್ದಳು. "ಏನೇ, ಏನಂತ ಹೇಳೋಣ?" ಎಂದು ಮುಖ ಸಣ್ಣಗೆ ಮಾಡಿಕೊಂಡು ಕೇಳುತ್ತಾಳೆ. ಆಗ ತಾನು ಏನೂ ಆಗದವಳ ಹಾಗೆ "ಬಾಗಿಲು ಬಡೀತು ಅನ್ನು ಅಕ್ಕ, ಅದಕ್ಕೇನು" ಎನ್ನಬೇಕು. ಅಕ್ಕನ ಕಣ್ಣು ತುಂಬಬಹುದು. ಅಲ್ಲಿಗೆ ಅವಳು ಕೊಟ್ಟ ಏಟಿನ ಲೆಕ್ಕ ಮುಗಿಯಿತು. ಜೀವನದಲ್ಲಿ ಅಕ್ಕನಿಗೆ ತಾನು ಕೊಡಬಲ್ಲ ವಸ್ತು ಅಷ್ಟು ಸುಲಭವಾಗಿ ಯಾವತ್ತೂ ಸಿಕ್ಕಿರಲಿಲ್ಲ. ಆದರೆ ಅಕ್ಕ ಕೇಳಲಿಲ್ಲ. ಇಳಿಯುವ ಮುಂಚೆ, "ನಾನು ಮಾತಾಡ್ತೀನಿ. ನೀನು ತಲೆ ಆಡಿಸು, ಸಾಕು" ಎಂದಳು. ಅವಳು ಆಗಲೇ ತಲೆ ಆಡಿಸಿದಳು.

ಡಾಕ್ಟರಮ್ಮ ದಪ್ಪನೆಯ ಹೆಂಗಸು, ಕನ್ನಡಕವನ್ನು ಸರಪಳಿಗೆ ಕಟ್ಟಿ ಎದೆಯ ಮೇಲೆ ಬಿಟ್ಟುಕೊಂಡಿದ್ದಳು. ಗೋಡೆಯಲ್ಲಿ ಕಿವಿಯ ದೊಡ್ಡ ಚಿತ್ರ, ಒಳಗೆಲ್ಲ ಬಸವನಹುಳುವಿನಂಥ ಸುರುಳಿ. ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಸಹಾಯಕಿ ಹುಡುಗಿ. ಅಕ್ಕ ಮಾತಾಡಿದಳು, ಆ ಇನ್ನೊಂದು ದನಿಯಲ್ಲಿ. ಇಷ್ಟುದ್ದದ ಮಾತಿನಲ್ಲಿ ಬಾಗಿಲು ಎಲ್ಲಿ ಬಂತೋ ಎಂದು ಅವಳು ಅಕ್ಕನ ಕೈಗಳನ್ನೇ ನೋಡುತ್ತಿದ್ದಳು. ಬಾಗಿಲು ತೆರೆಯುವ ಹಾಗೆ ಕೈ ಚಾಚಲಿಲ್ಲ, ಬಡಿಯುವ ಹಾಗೆ ಅಂಗೈ ಆಡಿಸಲಿಲ್ಲ. ಮಧ್ಯದಲ್ಲಿ ಅಕ್ಕ ಇದ್ದಕ್ಕಿದ್ದಂತೆ ಇವಳ ಕಡೆ ತಿರುಗಿ, ಎಡಗಡೆ ಕೂದಲಿಗೆ ಸಿಗಿಸಿದ್ದ ಪಿನ್ನನ್ನು ಎಳೆದು ತೆಗೆದಳು. ಕಿವಿ ಕಾಣಲಿ ಅಂತ ಇರಬೇಕು, ಆದರೆ ಪಿನ್ನು ತೆಗೆದರೆ ಕೂದಲು ಕಿವಿಯ ಮೇಲೇ ಬೀಳುತ್ತದಲ್ಲ ಎಂದುಕೊಂಡಳು. ಬಿತ್ತು. ಅಕ್ಕ ಪಿನ್ನನ್ನು ಡಾಕ್ಟರಿಗೆ ಕೊಟ್ಟಳು. ಡಾಕ್ಟರು ಅದನ್ನು ಎರಡು ಬೆರಳಲ್ಲಿ ಹಿಡಿದು, ತನ್ನ ಕಿವಿಯ ಹತ್ತಿರ ಒಯ್ದು, ತಿರುವಿದಂತೆ ಮಾಡಿ, ಕಣ್ಣು ದೊಡ್ಡದು ಮಾಡಿ, ಇನ್ನೊಂದು ಕೈಯ ತೋರುಬೆರಳನ್ನು ಇವಳ ಮೂಗಿನ ಮುಂದೆ ಅಲ್ಲಾಡಿಸಿದಳು, ಹಾಲು ಚೆಲ್ಲಿದ ಮಗುವಿಗೆ ಮಾಡುವ ಹಾಗೆ. ಆಮೇಲೆ ಪಿನ್ನನ್ನು ಕಸದ ಡಬ್ಬಿಗೆ ಎಸೆದಳು. ಠಣ್ ಎಂದಿತು. ಸಹಾಯಕಿ ಹುಡುಗಿ ನಕ್ಕಳು, ಡಾಕ್ಟರು ನಕ್ಕಳು, ಅಕ್ಕ ನಕ್ಕಳು. ಎಲ್ಲರೂ ನಗುವಾಗ ತಾನೊಬ್ಬಳು ಬಿಮ್ಮನೆ ಕೂತರೆ ಚೆನ್ನಾಗಿರುವುದಿಲ್ಲ ಎಂದು ಅವಳೂ ನಕ್ಕಳು. ತಲೆಯನ್ನೂ ಆಡಿಸಿದಳು. ಪಾಪ, ಒಳ್ಳೆಯ ಡಾಕ್ಟರು, ನಗಿಸಿ ಧೈರ್ಯ ಹೇಳುತ್ತಿದ್ದಾರೆ ಎಂದು ತನಗೆ ತಾನೇ ಹೇಳಿಕೊಂಡಳು.

ಆಮೇಲೆ ಕಿವಿಯೊಳಗೆ ದೀಪ ಬಿಟ್ಟು ನೋಡಿದ ಡಾಕ್ಟರ ನಗು ನಿಂತಿತು. ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ತೆಗೆದರೆ ಎಣ್ಣೆ. ಅದನ್ನು ಬೆಳಕಿಗೆ ಹಿಡಿದು ಏನೋ ಕೇಳಿದಳು. ಅಕ್ಕ ಒಂದೇ ಮಾತಿನ ಉತ್ತರ ಕೊಟ್ಟಳು. ಡಾಕ್ಟರು ಈ ಸಲ ಸಿಟ್ಟಿನಿಂದಲೇ ಮಾತಾಡಿದಳು. ಅಕ್ಕನ ಕಡೆ ತಿರುಗಿಯೂ ನೋಡದೆ, ಇವಳ ಮುಖ ನೋಡಿಕೊಂಡು ಮಾತಾಡಿದಳು. ಅದಕ್ಕೂ ಇವಳು ತಲೆ ಆಡಿಸಿದಳು.

ಎಣ್ಣೆ ಬಿಟ್ಟದ್ದು ಅಕ್ಕ. ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿ, ಬೆರಳದ್ದಿ ಬಿಸಿ ನೋಡಿ, ತೊಡೆಯ ಮೇಲೆ ತಲೆ ಇಟ್ಟುಕೊಂಡು ಚಮಚದಿಂದ ಬಿಟ್ಟಿದ್ದಳು. ಎಣ್ಣೆ ಒಳಗಿಳಿದಾಗ ಬೆಂಕಿ ಬಿದ್ದಂತಾಗಿ ಇವಳು ಕಾಲು ಝಾಡಿಸಿದರೆ, "ಹಾಗೇ ಮಲಕ್ಕೋ, ಎಳ್ಕೊಳತ್ತೆ, ಎಳ್ಕೊಳತ್ತೆ" ಎಂದು ಬೆನ್ನು ಸವರಿದ್ದಳು. ಎಷ್ಟೋ ಕಾಲದ ಮೇಲೆ ಅಕ್ಕನ ತೊಡೆ. ಸೀರೆಯ ನೆರಿಗೆಯಲ್ಲಿ ಇಸ್ತ್ರಿಯ ವಾಸನೆ, ಸೀಮೆಸುಣ್ಣದ ವಾಸನೆ. ಕಿವಿ ಸುಡುತ್ತಿದ್ದರೂ ಅವಳಿಗೆ ಎದ್ದೇಳಲು ಮನಸ್ಸು ಬಂದಿರಲಿಲ್ಲ. ಚಿವುಟಿ ತೊಟ್ಟಿಲು ತೂಗುವುದು ಎನ್ನುತ್ತಾರೆ. ಆದರೆ ತೂಗುವಾಗಲಾದರೂ ತೂಗುವ ಕೈ ನಿಜವಾಗಿಯೇ ತೂಗುತ್ತಿರುತ್ತದಲ್ಲ. ಅವಳು ಅದನ್ನು ನಂಬಿದ್ದಳು.

ಪರದೆಯಾಚೆ ಬಾಗಿಲಿನ ಗಂಟೆ ಸದ್ದಾಯಿತು. ಯಾರೋ ಗಿರಾಕಿ, ಅಕ್ಕನ ಮೇಲೇರಿದ ದನಿ, ನಗು. ಅವಳು ಪ್ಯಾಂಟಿನ ಇನ್ನೊಂದು ಕಾಲನ್ನು ಮಡಿಸಿ ಗುಂಡುಪಿನ್ನು ಚುಚ್ಚಿದಳು. ಆ ಕೋಟಿನ ಹೆಂಗಸು ಬಂದದ್ದೂ ಇಂಥದೇ ಹೊತ್ತಿನಲ್ಲಿ. ಅಕ್ಕ ಬ್ಯಾಂಕಿಗೆ ಹೋಗಿದ್ದಳು. "ಯಾರಾದ್ರೂ ಬಂದ್ರೆ ಕೂತ್ಕೊಳ್ಳಿ ಅಂತ ಸನ್ನೆ ಮಾಡು, ಮಿಕ್ಕಿದ್ದು ನಾನು ಬಂದು ನೋಡ್ಕೋತೀನಿ" ಎಂದಿದ್ದಳು. ಆದರೆ ಆ ಮುದುಕಿ ಕೂರಲಿಲ್ಲ. ಉಣ್ಣೆಯ ಕೋಟನ್ನು ಕೌಂಟರಿನ ಮೇಲೆ ಹರಡಿ, ತೋಳನ್ನು ತೋರಿಸಿ, ಮೊಣಕೈಯಿಂದ ಕೆಳಕ್ಕೆ ಬೆರಳೆಳೆದು, ಕತ್ತರಿಯಂತೆ ಎರಡು ಬೆರಳು ಆಡಿಸಿದಳು. ಇವಳಿಗೆ ಎಲ್ಲ ಅರ್ಥವಾಯಿತು. ಅರ್ಥವಾಯಿತು ಎಂಬ ಸಂತೋಷವೇ ಎಷ್ಟಿತ್ತೆಂದರೆ, ಕಲಿತಿದ್ದ ಮೂರು ನಾಲ್ಕು ಮಾತುಗಳನ್ನೂ ಆಡಿಬಿಟ್ಟಳು: ಹೌದು, ಸರಿ, ನಾಳೆ, ಧನ್ಯವಾದ. ಮುದುಕಿ ಅವಳ ಕೈ ತಟ್ಟಿ ಹೋದಳು. ಅಕ್ಕ ಬರುವಷ್ಟರಲ್ಲಿ ಅವಳು ಎರಡೂ ತೋಳು ಮೊಣಕೈಗೆ ಕತ್ತರಿಸಿ, ಅಂಚು ಮಡಿಸಿ, ಕಣ್ಣಿಗೆ ಕಾಣದ ಹೊಲಿಗೆ ಹಾಕಿ, ಇಸ್ತ್ರಿಯನ್ನೂ ಮಾಡಿ ತೂಗುಹಾಕಿದ್ದಳು. ಮುದುಕಿ ಹೇಳಿದ್ದು ತೋಳಿನ ಒಳಗಿನ ಹರಿದ ಅಸ್ತರಿನ ಬಟ್ಟೆಯನ್ನು ಕತ್ತರಿಸಿ ಬೇರೆ ಹಾಕು ಎಂದು. ಅದು ತೀರಿಕೊಂಡ ಅವಳ ಗಂಡನ ಕೋಟಂತೆ. ಮಾರನೆಯ ದಿನ ಕೌಂಟರಿನಲ್ಲಿ ಮುದುಕಿ ಕೂಗಾಡಲಿಲ್ಲ, ಕೋಟನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತ ಕೂತಳು. ಅವಳು ಹೋದ ಮೇಲೆ ಅಕ್ಕ ಬಾಗಿಲಿಗೆ ಚಿಲಕ ಹಾಕಿ, ಪರದೆ ಸರಿಸಿ ಒಳಗೆ ಬಂದು, "ಭಾಷೆ ಬರ್ದೇ ಇದ್ಮೇಲೆ ಬಾಯಿ ಮುಚ್ಕೊಂಡು ಇರಕ್ಕೇನೇ ನಿಂಗೆ ರೋಗ!" ಎಂದು ಕೈ ಬೀಸಿದಳು. ಅಂಗೈ ಕಿವಿಗೆ ಮುಚ್ಚಳದ ಹಾಗೆ ಕೂತಿತು. ಒಳಗೇನೋ ಟಪ್ಪೆಂದಿತು.

ಆ ಏಟನ್ನು ಅವಳು ಆಗಲೇ ಒಪ್ಪಿಕೊಂಡಿದ್ದಳು. ಕೆಟ್ಟದ್ದು ತನ್ನ ಕೈಯಿಂದಲೇ ಅಲ್ಲವೇ, ಗಂಡ ಸತ್ತವಳ ಕೋಟು. ಅವಳಿಗೆ ಒಪ್ಪಿಕೊಳ್ಳಲಾಗದೇ ಇದ್ದದ್ದು ಪಿನ್ನು.

ಪಿನ್ನಿನ ವಿಷಯ ತಿಳಿದದ್ದೂ ಹೀಗೇ, ಕೂದಲು ಕಣ್ಣಿಗೆ ಬಿದ್ದಾಗ. ಡಾಕ್ಟರ ಬಳಿ ಹೋಗಿಬಂದ ಮಾರನೆಯ ಬೆಳಿಗ್ಗೆ ಕನ್ನಡಿಯ ಮುಂದೆ ತಲೆ ಬಾಚುತ್ತ, ಅಭ್ಯಾಸಬಲದಿಂದ ಎಡಗಡೆಯ ಪಿನ್ನಿಗೆ ಕೈ ಹಾಕಿದಳು. ಇರಲಿಲ್ಲ. ಡಾಕ್ಟರು ಬಿಸಾಡಿದರಲ್ಲ ಎಂದು ನೆನಪಾಯಿತು. ಯಾಕೆ ಬಿಸಾಡಿದರು? ಬಾಚಣಿಗೆ ಕೈಯಲ್ಲೇ ಇತ್ತು. ಕನ್ನಡಿಯಲ್ಲಿದ್ದ ಹೆಂಗಸು ಎರಡು ಬೆರಳಲ್ಲಿ ಏನೂ ಇಲ್ಲದ್ದನ್ನು ಹಿಡಿದು ಕಿವಿಯ ಹತ್ತಿರ ಒಯ್ದು ತಿರುವಿದಳು, ತೋರುಬೆರಳು ಅಲ್ಲಾಡಿಸಿದಳು, ಮತ್ತೆ ಕಿವಿಯ ಹತ್ತಿರ ಒಯ್ದಳು. ಆಗ ಅರ್ಥವಾಯಿತು. ಅವರೆಲ್ಲ ನಕ್ಕದ್ದು ತನ್ನನ್ನು ನೋಡಿ. ಪಿನ್ನಿನಿಂದ ಕಿವಿ ಕೆರೆದು ತೂತು ಮಾಡಿಕೊಂಡು, ಅದು ಸಾಲದೆಂದು ಎಣ್ಣೆ ಹೊಯ್ದುಕೊಂಡು ಬಂದ ಹಳ್ಳಿಗುಗ್ಗು. ತಾನೂ ಅವರ ಜೊತೆ ಹಲ್ಲು ಕಿರಿದು, ಹೌದು ಹೌದು ಎಂದು ತಲೆ ಆಡಿಸಿದ್ದಳಲ್ಲ! ಮಗ್ಗುಲಲ್ಲೇ ಕೂತು, ಭುಜಕ್ಕೆ ಭುಜ ತಾಗಿಸಿಕೊಂಡು, ತನ್ನ ಕೂದಲಿಂದಲೇ ಪಿನ್ನು ಕಿತ್ತು ಸಾಕ್ಷಿ ಕೊಟ್ಟಳಲ್ಲ ಅಕ್ಕ. ಕೇಳಿದ್ದರೆ ನಾನೇ ಸುಳ್ಳು ಹೇಳುತ್ತಿರಲಿಲ್ಲವೇ? ಇದಕ್ಕಿಂತ ಚೆಂದದ ಸುಳ್ಳು ಇಟ್ಟುಕೊಂಡಿದ್ದೆನಲ್ಲ, ಯಾರನ್ನೂ ಪೆದ್ದು ಮಾಡದ್ದು. ಅದನ್ನು ಕೇಳುವಷ್ಟೂ ಲೆಕ್ಕಕ್ಕಿಲ್ಲವೇ ನಾನು?

ಅಂದಿನಿಂದ ಅವಳು ಕಾಯುತ್ತಿದ್ದಾಳೆ. ಅವಳಿಗೆ ಕ್ಷಮೆಗಿಮೆ ಬೇಡ. ಅಕ್ಕ ಪರದೆಯ ಈಚೆ ಬಂದು, ನಮ್ಮ ಮಾತಿನಲ್ಲಿ, "ಹಾಗಂತ ಹೇಳ್ಬಿಟ್ಟೆ ಕಣೇ" ಎಂದು ಒಂದು ಮಾತು ಅಂದರೆ ಸಾಕು. ಕಾಫಿ ಲೋಟ ತಂದಿಟ್ಟಾಗ ಅಂದಾಳು ಎಂದುಕೊಂಡಳು. ದಾರದ ಉಂಡೆ ಹುಡುಕುತ್ತ ಪಕ್ಕಕ್ಕೆ ಬಂದಾಗ ಅಂದಾಳು ಎಂದುಕೊಂಡಳು. ಅಕ್ಕ ಎಲ್ಲ ಮಾತಾಡಿದಳು. ಭಾವನ ಗೊರಕೆ, ಮೇಲಿನ ನಲ್ಲಿ ಸೋರುವುದು, ಜಿಪ್ಪುಗಳು ಮೊದಲಿನ ಹಾಗೆ ಗಟ್ಟಿ ಬರುವುದಿಲ್ಲ ಎನ್ನುವುದು. ಮಾತಾಡುವಾಗೆಲ್ಲ ಮರೆಯದೆ ಇವಳ ಬಲಗಡೆಗೆ ಬಂದು ನಿಲ್ಲುತ್ತಿದ್ದಳು. ಅದೊಂದು ಅಕ್ಕರೆ. ಹಾಳಾದ್ದು, ಅದರಿಂದಲೇ ಹೆಚ್ಚು ಸಿಟ್ಟು ಬರುತ್ತಿತ್ತು.

"ಏಳೇ, ಹೊತ್ತಾಯ್ತು" ಎಂದು ಅಕ್ಕ ಪರದೆ ಸರಿಸಿದಳು. ಅವಳು ಎದ್ದ ರಭಸಕ್ಕೆ ಮೆಷಿನ್ನಿನ ಮೇಲಿನ ಪಿನ್ನು ಕೊನೆಗೂ ಕೆಳಗೆ ಬಿತ್ತು. ಅಕ್ಕನೇ ಬಗ್ಗಿ ಎತ್ತಿಕೊಂಡಳು. ಒಂದು ಗಳಿಗೆ ಅದನ್ನು ಹಿಡಿದು ನಿಂತಳು. ಈಗ, ಎಂದುಕೊಂಡಳು ಇವಳು. ಅಕ್ಕ ಅದನ್ನು ಗುಂಡಿಯ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಬಸ್ಸಿನಲ್ಲೂ ಆ ಮಾತು ಬರಲಿಲ್ಲ. ಕಾಯುವ ಕೋಣೆಯಲ್ಲೂ ಬರಲಿಲ್ಲ. ಒಳಗೆ ಹೋದಾಗ ಡಾಕ್ಟರು ಮೊದಲೇ ದೀಪ ಬಿಟ್ಟು ಕಿವಿ ನೋಡಿದಳು, ಬಹಳ ಹೊತ್ತು ನೋಡಿದಳು. ಎಡಗಡೆ ಆ ಹೆಂಗಸಿನ ಉಸಿರು ಬಿಸಿಯಾಗಿ ತಗಲುತ್ತಿತ್ತು, ಸದ್ದಿಲ್ಲ. ಅಕ್ಕ ಏನೋ ಹೇಳಲು ಶುರು ಮಾಡಿದರೆ ಡಾಕ್ಟರು ಕೈಯೆತ್ತಿ ತಡೆದಳು. ಸಹಾಯಕಿ ಹುಡುಗಿ ಒಂದು ಫೋನನ್ನು ತಂದು ಮೇಜಿನ ಮಧ್ಯೆ ಇಟ್ಟು ಗುಂಡಿ ಒತ್ತಿದಳು.

"ನಮಸ್ಕಾರ. ನನ್ನ ಮಾತು ಕೇಳಿಸ್ತಿದೆಯಾಮ್ಮ? ನಾನು ನಿಮ್ಮ ಮಾತನ್ನ ಡಾಕ್ಟ್ರಿಗೆ ಹೇಳ್ತೀನಿ, ಡಾಕ್ಟ್ರ ಮಾತನ್ನ ನಿಮಗೆ ಹೇಳ್ತೀನಿ. ಇಬ್ಬರು ಹೇಳಿದ್ದನ್ನೂ ಇದ್ದ ಹಾಗೇ ಹೇಳ್ತೀನಿ."

ಹೆಂಗಸಿನ ದನಿ. ನಮ್ಮ ಮಾತು. ಈ ದೇಶದಲ್ಲಿ ಅಕ್ಕ ಭಾವ ಬಿಟ್ಟರೆ ಯಾರ ಬಾಯಲ್ಲೂ ಕೇಳದಿದ್ದ ಮಾತು ಮೇಜಿನ ಮೇಲಿನಿಂದ ಬರುತ್ತಿತ್ತು. ಅದೂ "ನೀವು" ಎನ್ನುತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ ಅಭ್ಯಾಸದಂತೆ ಅಕ್ಕನ ಮುಖ ನೋಡಿದಳು. ಅಕ್ಕ ಫೋನನ್ನೇ ನೋಡುತ್ತಿದ್ದಳು, ಮನೆಗೆ ನುಗ್ಗಿದ ಪ್ರಾಣಿಯನ್ನು ನೋಡುವ ಹಾಗೆ.

"ಕೇಳಿಸ್ತಿದೆ" ಎಂದಳು ಇವಳು. ದನಿ ಕೀರಲಾಗಿ ಬಂತು.

ಡಾಕ್ಟರು ಮಾತಾಡಿದಳು. ಫೋನು ಹೇಳಿತು: "ಹೋದ ಸಲ ಎಣ್ಣೆ ತುಂಬ್ಕೊಂಡಿತ್ತು, ಸರಿಯಾಗಿ ಕಾಣಿಸ್ಲಿಲ್ಲ ಅಂತಿದ್ದಾರೆ. ಈಗ ಕಾಣಿಸ್ತಿದೆ. ಕಿವಿ ತಮಟೆ ಹರಿದಿರೋ ರೀತಿ ನೋಡಿದ್ರೆ ಪಿನ್ನಿಂದ ಆಗಿದ್ದಲ್ಲ ಅನ್ನಿಸುತ್ತೆ ಅವರಿಗೆ. ಕಿವಿ ಮೇಲೆ ಜೋರಾಗಿ ಏಟು ಬಿದ್ರೆ ಹೀಗಾಗುತ್ತಂತೆ. ಏನಾಯ್ತು ಅಂತ ನಿಮ್ಮ ಬಾಯಿಂದಾನೇ ಕೇಳ್ಬೇಕಂತೆ. ನಿಮ್ಮ ಜೊತೆ ಬಂದವರು ಹೊರಗಿರಲಿ ಅಂದ್ರೆ ಹೊರಗೆ ಕಳಿಸ್ತಾರೆ."

"ಸುಮ್ಮಿ…" ಎಂದಳು ಅಕ್ಕ.

"ಅವರೇ ಹೇಳ್ಲಿ, ದಯವಿಟ್ಟು" ಎಂದಿತು ಫೋನು.

ಕೋಣೆಯಲ್ಲಿ ಎಲ್ಲರೂ ಅವಳ ಬಾಯಿಯನ್ನು ನೋಡುತ್ತಿದ್ದರು. ಹುಟ್ಟಿದಾಗಿನಿಂದ ಇಷ್ಟು ಜನ ಅದನ್ನು ನೋಡಿದ್ದಿಲ್ಲ. ಈಗ ಒಂದು ಮಾತು ಸಾಕು, ಡಾಕ್ಟರ ಆ ತೋರುಬೆರಳು ಅಕ್ಕನ ಮೂಗಿನ ಮುಂದೆ ಅಲ್ಲಾಡುತ್ತದೆ. ಬೆರಳಿನಲ್ಲೇ ನಿಲ್ಲದೆ ಹೋಗಬಹುದು. ಪೊಲೀಸು ಎಂದು ಭಾವ ಒಮ್ಮೆ ಹೇಳಿದ್ದು ನೆನಪಾಯಿತು. ಈ ದೇಶದಲ್ಲಿ ಅಂಥದ್ದಕ್ಕೆಲ್ಲ ಬಾಗಿಲಿಗೇ ಬರುತ್ತಾರಂತೆ. ಅಕ್ಕನ ಕೈಗಳು ಚೀಲದ ಹಿಡಿಯನ್ನು ತಿರುಚುತ್ತಿದ್ದವು. ಬಲಗೈ ತೋರುಬೆರಳಲ್ಲಿ ಸೂಜಿ ಚುಚ್ಚಿ ಚುಚ್ಚಿ ಒರಟಾದ ಚರ್ಮ, ಅದೇ ಬೆರಳನ್ನು ಎಣ್ಣೆಗೆ ಅದ್ದಿ ಬಿಸಿ ನೋಡಿದ್ದು. ಅವಳಿಗೆ ಅಕ್ಕನ ಮೇಲೆ ಕನಿಕರ ಬಂತು. ಕನಿಕರದ ಹಿಂದೆಯೇ, ಬೆಳಿಗ್ಗೆಯಿಂದ ಆ ಪಿನ್ನಿನ ಹಾಗೆ ನಡುಗುತ್ತ ಅಂಚಿಗೆ ಸರಿಯುತ್ತಿದ್ದ ಸಿಟ್ಟು ಅಂಚು ದಾಟಿತು. ಆ ಪಿನ್ನಿನ ಸುಳ್ಳು ಅಕ್ಕ ಪರದೆಯಾಚೆಯ ಭಾಷೆಯಲ್ಲಿ ಹೇಳಿದ್ದು. ಅಲ್ಲಿ ಹೇಳಿದ್ದು ಇಲ್ಲಿಗೆ ತಾಗುವುದಿಲ್ಲ ಎಂದುಕೊಂಡಿದ್ದಾಳೆ. ಅದನ್ನು ನಮ್ಮ ಮಾತಿನಲ್ಲಿ ಅವಳು ಇನ್ನೂ ಕೇಳಿಲ್ಲ. ಒಂದು ಸಲ ಕೇಳಲಿ.

"ಅಕ್ಕ ಇಲ್ಲೇ ಇರ್ಲಿ" ಎಂದಳು. "ಯಾರೂ ಹೊಡೀಲಿಲ್ಲ. ನಾನೇ ಪಿನ್ನು ಹಾಕ್ಕೊಂಡೆ."

ಫೋನು ಮತ್ತೆ ಕೇಳಿತು: "ಪಿನ್ನಾ? ಹಾಗೇ ಹೇಳ್ಲಾಮ್ಮ?"

"ಹಾಗೇ ಹೇಳಿ. ಕಿವಿ ತುರಿಸ್ತಿತ್ತು. ತಲೆಗೆ ಸಿಗಿಸ್ಕೊಂಡಿರೋ ಪಿನ್ನು ತೆಗೆದು ಒಳಗೆ ಹಾಕಿ ತಿರುವ್ದೆ. ಜೋರಾಗಿ ತಿರುವ್ದೆ. ನಂಗೆ ಬುದ್ಧಿ ಸ್ವಲ್ಪ ಕಮ್ಮಿ. ಚಿಕ್ಕಂದಿಂದ ಹಾಗೇ, ಅಕ್ಕನ್ನ ಕೇಳಿ ಬೇಕಾದ್ರೆ."

"ಸುಮ್ಮಿ, ಬೇಡ ಕಣೇ" ಎಂದಳು ಅಕ್ಕ, ಬಹಳ ಸಣ್ಣ ದನಿಯಲ್ಲಿ, ಪರದೆಯ ಈಚೆಯ ದನಿಯಲ್ಲಿ. ಫೋನಿನ ಹೆಂಗಸು ಇದ್ದ ಹಾಗೇ ಹೇಳುವವಳಲ್ಲವೇ, "ಬೇಡ ಕಣೇ" ಎನ್ನುವುದನ್ನೂ ಡಾಕ್ಟರಿಗೆ ಹೇಳಿರಬೇಕು. ಡಾಕ್ಟರು ಕನ್ನಡಕ ತೆಗೆದು ಅಕ್ಕನನ್ನು ನೋಡಿದಳು, ಆಮೇಲೆ ಇವಳನ್ನು. ಇನ್ನೊಂದು ಪ್ರಶ್ನೆ ಬಂತು.

"ಎಣ್ಣೆ ಯಾರು ಬಿಟ್ಟಿದ್ದು ಅಂತ ಕೇಳ್ತಿದ್ದಾರೆ."

ಇದಕ್ಕೆ ಅವಳು ತಯಾರಾಗಿರಲಿಲ್ಲ. ಬೆಳ್ಳುಳ್ಳಿಯ ಘಾಟು, ತೊಡೆಯ ಬಿಸಿ, "ಎಳ್ಕೊಳತ್ತೆ, ಎಳ್ಕೊಳತ್ತೆ" ಎಂದು ಬೆನ್ನ ಮೇಲೆ ಇಳಿಯುತ್ತಿದ್ದ ಕೈ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಅಕ್ಕ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿದ್ದದ್ದು ಹೆದರಿಕೆಯಲ್ಲ, ಆಸೆ. ಅದೊಂದನ್ನಾದರೂ ನನ್ನ ಹೆಸರಿಗೆ ಹೇಳೇ ಎನ್ನುವ ಹಾಗಿತ್ತು.

"ಅದೂ ನಾನೇ ಬಿಟ್ಕೊಂಡೆ" ಎಂದಳು. "ಅಕ್ಕ ಏನೂ ಮಾಡ್ಲಿಲ್ಲ."

ಹೊರಗೆ ಬಿಸಿಲು ಇಳಿಯುತ್ತಿತ್ತು. ಬಸ್‌ ಸ್ಟಾಪಿನ ಬೆಂಚಿನ ಬಲತುದಿಗೆ, ಕಂಬಕ್ಕೆ ಭುಜ ತಾಗುವ ಹಾಗೆ, ಅವಳು ಮೊದಲೇ ಹೋಗಿ ಕೂತುಬಿಟ್ಟಳು. ಆ ಕಡೆ ಯಾರೂ ಕೂರುವಂತಿರಲಿಲ್ಲ. ಅಕ್ಕ ಒಂದು ಗಳಿಗೆ ಮುಂದೆ ನಿಂತಿದ್ದು, ಕಡೆಗೆ ಎಡಗಡೆ ಬಂದು ಕೂತಳು. ಎದುರು ರಸ್ತೆಯಲ್ಲಿ ಒಬ್ಬ ಏಣಿ ಹತ್ತಿ ಅಂಗಡಿಯ ಗಾಜು ಒರೆಸುತ್ತಿದ್ದ. ಅವಳು ಅವನನ್ನು ನೋಡುತ್ತಿದ್ದಳು. ತಲೆಯೊಳಗೆ ಮೆಷಿನ್ನು ಓಡುತ್ತಿತ್ತು. ಕೂದಲು ಕಣ್ಣಿಗೆ ಬಿತ್ತು. ಅಕ್ಕ ತನ್ನ ತುರುಬಿನಿಂದ ಪಿನ್ನೊಂದನ್ನು ತೆಗೆದು, ಇವಳ ಕೂದಲನ್ನು ಎತ್ತಿ ಕಿವಿಯ ಹಿಂದೆ ಸಿಗಿಸಿದಳು. ಆಮೇಲೆ ಅಕ್ಕ ಬಾಯಿ ಹತ್ತಿರ ತಂದು ಏನೋ ಹೇಳತೊಡಗಿದಳು. ಉಸಿರು ಬಿಟ್ಟು ಬಿಟ್ಟು ಬಂದು ಎಡಗಿವಿಗೆ ತಗಲುತ್ತಿತ್ತು. ಉದ್ದನೆಯ ಮಾತು, ನಡುವೆ ಅಳುವೂ ಇದ್ದಿರಬೇಕು. ಅವಳು ಇಷ್ಟು ದಿನ ಕಾದಿದ್ದ ಮಾತೇ ಇರಬಹುದು. ಮುಖವನ್ನು ಸ್ವಲ್ಪ ತಿರುಗಿಸಿ ಬಲಗಿವಿ ಕೊಟ್ಟರೆ ಕೇಳುತ್ತಿತ್ತು.

ಅವಳು ತಿರುಗಲಿಲ್ಲ. ಉಸಿರು ನಿಂತಾಗ, ಮಾತು ಮುಗಿಯಿತು ಎಂದು ತಿಳಿದು, ಕೌಂಟರಿನಲ್ಲಿ ಗಿರಾಕಿಗಳು ಏನೋ ಹೇಳಿದರೆ ಮಾಡುತ್ತಿದ್ದ ಹಾಗೆ, ಸ್ವಲ್ಪ ನಕ್ಕು ತಲೆ ಆಡಿಸಿದಳು.